ಸ್ವಂತ ಬಾಯಿಯಿಂದ ಹೇಳದ ಕಾಯಿಲೆ

ಅಹವಾಲು ಸಮಿತಿಯ ಅಧ್ಯಕ್ಷರಿಗೂ, ಅವರು ಕೂರುವ ತಿರುಗುವ ಕುರ್ಚಿಗೂ, ಬಟ್ಟೆ ಒಗೆಯುವ ಕಾರ್ಖಾನೆಯ ಚಾದರ ಮಡಿಸುವ ಮೇಜಿನಿಂದ ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲವಾದರೆ ಕೆಲಸ ಶುರುವಾಗುವ ಮೊದಲೇ, ಸ್ವಂತ ಬಾಯಿಯಿಂದ, ಫೋನಿನಲ್ಲಿ ತಿಳಿಸಿಬಿಡಿ. ತಿಳಿಸದಿದ್ದರೆ ತಮ್ಮದೇ ತೀರ್ಪಿನ ಪ್ರಕಾರ ತಾವು ಗಟ್ಟಿಮುಟ್ಟಾಗಿದ್ದೀರಿ. ನನ್ನ ಕಾಯಿಲೆ ರಜೆಯ ಅಹವಾಲನ್ನು ತಾವು ಅಳೆದು, ತೂಗಿ, ಕನ್ನಡಕ ಒರೆಸಿ ಮತ್ತೊಮ್ಮೆ ಅಳೆದು, ಕೊನೆಗೆ ತಳ್ಳಿಹಾಕಿದ ಶ್ರದ್ಧೆ ನೋಡಿ ನನಗೆ ಕಣ್ತುಂಬಿ ಬಂತು. ಅಷ್ಟು ಏಕಾಗ್ರತೆಯಿಂದ ನಾನು ದೇವರ ಮುಂದೆಯೂ ಕೂತವಳಲ್ಲ.

ಹೊರಗಿನವರೂ ಓದುವ ಪತ್ರ ಇದಾದ್ದರಿಂದ ನಡೆದದ್ದನ್ನು ಹೇಳಿಬಿಡುತ್ತೇನೆ. ನಮ್ಮ ಯಂತ್ರಗಳ ಗದ್ದಲದಲ್ಲಿ ಎದುರಿಗೆ ನಿಂತವಳಿಗೆ "ಆ ತುದಿ ಹಿಡ್ಕೊಳೇ" ಎನ್ನಬೇಕಾದರೂ ಕಿರುಚಬೇಕು. ಹಾಗೆ ಕಿರುಚಿ ಕಿರುಚಿ ಒಂದು ದಿನ ನನಗೆ ಜ್ವರ ಬಂದು, ಗಂಟಲು ಕಟ್ಟಿ, ದನಿಯೇ ಬಿದ್ದುಹೋಯಿತು. ಬೆಳಗ್ಗೆ ಎದ್ದು ದೇವರ ಹೆಸರು ಹೇಳಲು ಬಾಯಿ ತೆರೆದರೆ ಬರೀ ಗಾಳಿ. ಯೂನಿಯನ್ನೂ ಆಡಳಿತವೂ ಸಹಿ ಹಾಕಿರುವ ಒಪ್ಪಂದದಲ್ಲಿ, ಕಾಯಿಲೆ ಬಿದ್ದವರು ಸ್ವಂತ ಬಾಯಿಯಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಿ ಹೇಳಬೇಕೆಂಬ ಷರತ್ತಿದೆ. ಹಿಂದೊಮ್ಮೆ ಬಾಯ್ಲರ್ ನೋಡಿಕೊಳ್ಳುವವನೊಬ್ಬ ಅತ್ತೆಯಿಂದ ಫೋನ್ ಮಾಡಿಸಿ, "ಅಳಿಯಂದಿರು ಏಳೋ ಸ್ಥಿತೀಲಿಲ್ಲ" ಎಂದು ಅಳಿಸಿ, ತಾನು ಆರಾಮಾಗಿ ಮೀನು ಹಿಡಿಯಲು ಹೋಗಿದ್ದನಂತೆ. ಅವನು ಹಿಡಿದ ಮೀನಿನ ಮುಳ್ಳು ಇಂದು ನನ್ನ ಗಂಟಲಲ್ಲಿದೆ.

ಆದರೂ ನಾನು ಷರತ್ತಿಗೆ ತಲೆಬಾಗುವವಳು. ಫೋನ್ ಮಾಡಿದೆ. ಮೇಲ್ವಿಚಾರಕರ ಮೇಜಿನ ಫೋನು ಬಹಳ ಹಳೆಯದು, ಯಾರು ಮಾಡಿದ್ದೆಂದು ತೋರಿಸುವ ಚಾಳಿ ಅದಕ್ಕಿಲ್ಲ. "ಹಲೋ, ಯಾರ್ರೀ ಅದು?" ಎಂದರು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಮಾತಾಡಿದೆ. ಉದ್ದನೆಯ ಉಸಿರೊಂದು ಹೊರಟಿತು. "ಬೆಳಬೆಳಗ್ಗೆ ಉಸಿರು ಬಿಡೋಕೆ ನಾನೇ ಬೇಕಿತ್ತಾ?" ಎಂದು ಇಟ್ಟುಬಿಟ್ಟರು. ಮರುದಿನ ಮತ್ತೆ ಮಾಡಿದೆ. ಈ ಸಲ ಅವರ ದನಿ ಸ್ವಲ್ಪ ಮೆತ್ತಗಾಗಿತ್ತು. ಅದರ ಮರುದಿನವಂತೂ, "ಯಾರಮ್ಮಾ ನೀನು, ಹೆಸರಾದ್ರೂ ಹೇಳಬಾರದಾ?" ಎಂದು ಬೆಣ್ಣೆಯಂತೆ ಕೇಳಿದರು. ಅತ್ತ ನನ್ನ ಯಜಮಾನರು ಕಚೇರಿಗೆ ಫೋನ್ ಮಾಡಿದರೆ, "ನೌಕರರು ನೀವೋ ಅವರೋ? ಅವರಿಗೆ ಕೊಡಿ ಫೋನು" ಎಂದರಂತೆ. ಕೊಟ್ಟರು. ನಾನು ಉಸಿರು ಬಿಟ್ಟೆ. ಅಲ್ಲಿಯೂ ಇಟ್ಟುಬಿಟ್ಟರು. ಪಕ್ಕದ ಮನೆಯವಳ ಕೈಯಲ್ಲಿ ಕಳಿಸಿದ ಚೀಟಿ, ಚೀಟಿಗೆ ಬಾಯಿಲ್ಲವೆಂಬ ಕಾರಣಕ್ಕೆ, ಗೇಟಿನಿಂದಲೇ ವಾಪಸು ಬಂತು.

ತಮ್ಮ ವಿಚಾರಣೆಯನ್ನು ಹೊಗಳಲು ನನ್ನ ಹಳ್ಳಿಶಾಲೆಯ ಕನ್ನಡ ಸಾಲದು. ವೈದ್ಯರ ಸರ್ಟಿಫಿಕೇಟು ನೋಡಿ, ಕಾಯಿಲೆ ನಿಜ, ಆದರೆ ಕಾಯಿಲೆ ರಜೆ ಸುಳ್ಳು ಎಂದಿರಿ. ದನಿ ಹೋದದ್ದು ಹೇಗೆಂದು ಬಾಯಿಬಿಟ್ಟು ಹೇಳಲು ಹೇಳಿದಿರಿ, ಅಷ್ಟರಲ್ಲಿ ವಾಸಿಯಾಗಿದ್ದ ಗಂಟಲಿನಿಂದ ಹೇಳಿದೆ, ಮಾತು ಚೆನ್ನಾಗಿಯೇ ಬರುತ್ತದೆಂದು ಬರೆಸಿಕೊಂಡಿರಿ. ಗೇಟಿನ ಮುಂದೆ ಧಿಕ್ಕಾರ ಕೂಗಿದರೆ ಮೂರು ಬೀದಿಗೆ ಕೇಳಿಸುವ ನಮ್ಮ ಯೂನಿಯನ್ ಕಾರ್ಯದರ್ಶಿಗಳು ತಮ್ಮ ಮುಂದೆ ತುಟಿ ಎರಡು ಮಾಡಲಿಲ್ಲ. ನನ್ನ ಸೋಂಕು ಅವರಿಗೂ ತಗುಲಿತೇನೋ ಎಂದು ಮರುಗಿದೆ. ಮೇಲ್ವಿಚಾರಕರು ಮಾತ್ರ ಎದ್ದು ನಿಂತು, ನನ್ನಿಂದ ಯಾವ ಫೋನೂ ಬಂದಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಿದರು.

ಹೇಳದೆ ಕೇಳದೆ ಗೈರುಹಾಜರಾದ ತಪ್ಪಿಗೆ, ನಾನು ಕೂಡಿಟ್ಟುಕೊಂಡಿದ್ದ ರಜೆಯೆಲ್ಲ ಹೋಯಿತು. ಅದು ನನ್ನ ಮಗಳ ಚೊಚ್ಚಲ ಹೆರಿಗೆಗೆಂದು ಇಟ್ಟದ್ದು. ಅವಳಿಗೆ ದಿನ ತುಂಬುತ್ತಿದೆ. "ಅಮ್ಮಾ, ನೀನು ಬಂದೇ ಬರ್ತೀಯ ತಾನೇ?" ಎಂದು ದಿನಾ ಕೇಳುತ್ತಾಳೆ. ಗಂಟಲು ಸರಿಯಾಗಿದೆ ಮಾನ್ಯರೇ, ಆದರೂ ಆ ಒಂದು ಪ್ರಶ್ನೆಗೆ ದನಿ ಏಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹ. ಬಿದ್ದುಹೋಗುವ ಮುನ್ನಾದಿನವೇ ತಿಳಿಸಬೇಕೆಂದು ಎಲ್ಲ ಗಂಟಲುಗಳಿಗೂ ತಮ್ಮ ಮೊಹರು ಹಾಕಿ ಆಜ್ಞೆ ಹೊರಡಿಸಿ. ಹುಟ್ಟಲಿರುವ ನನ್ನ ಮೊಮ್ಮಗುವಿಗೂ ಒಂದು ಆಜ್ಞೆ ಹೋಗಲಿ: ಮೇಲ್ವಿಚಾರಕರಿಗೆ ತಾನೇ ಫೋನ್ ಮಾಡಿ, ಒಪ್ಪಿಗೆ ಪಡೆದು, ವಾರದ ರಜೆಯ ದಿನ ನೋಡಿಕೊಂಡು ಹುಟ್ಟತಕ್ಕದ್ದು. ದೇವರಿಗೂ ಒಂದು ಎಚ್ಚರಿಕೆ ಕೊಟ್ಟರೆ ಒಳ್ಳೆಯದು. ದನಿ ಇಲ್ಲದ ಆ ದಿನಗಳಲ್ಲಿ ನಾನು ಮನಸ್ಸಿನಲ್ಲೇ ಮಾಡಿದ ಪ್ರಾರ್ಥನೆಯನ್ನು ಆತ ತಕರಾರಿಲ್ಲದೆ ಕೇಳಿಸಿಕೊಂಡಿದ್ದಾನೆ. ಯಾವ ಒಪ್ಪಂದಕ್ಕೂ ಸಹಿ ಹಾಕದವನಾದ್ದರಿಂದ ಈ ಸಲಕ್ಕೆ ಆತನನ್ನು ಕ್ಷಮಿಸಿ.

ಕೊನೆಯದಾಗಿ, ತಮ್ಮ ಗಮನಕ್ಕೆ ಬಾರದ ಒಂದು ಸಾಕ್ಷಿ. ನಾನು ಮಲಗಿದ್ದ ಅದೇ ದಿನಗಳಲ್ಲಿ ಮೇಲ್ವಿಚಾರಕರು ಕ್ಯಾಂಟೀನಿನಲ್ಲಿ, "ಯಾವಳೋ ನನ್ನ ಹಿಂದೆ ಬಿದ್ದಿದಾಳೆ ಕಣ್ರೋ. ಮಾತೇ ಆಡಲ್ಲ, ಬೆಳಗಾದ್ರೆ ನಿಟ್ಟುಸಿರು ಬಿಡ್ತಾಳೆ, ಅಷ್ಟೇ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮರುದಿನ ತಲೆಗೆ ಬಣ್ಣ ಹಚ್ಚಿಕೊಂಡು ಬಂದದ್ದನ್ನು ಇಡೀ ಕಾರ್ಖಾನೆ ಕಂಡಿದೆ. ಆ ನಿಟ್ಟುಸಿರು ನನ್ನದೆಂದು ತಾವು ಒಪ್ಪಿದರೆ, ನಾನು ಸ್ವಂತ ಬಾಯಿಯಿಂದಲೇ ತಿಳಿಸಿದಂತಾಯಿತು; ರಜೆ ವಾಪಸು ಕೊಡಿ. ಒಪ್ಪದಿದ್ದರೆ, ಅಪರಿಚಿತ ಹೆಂಗಸೊಬ್ಬಳು ಮೇಲ್ವಿಚಾರಕರಿಗೆ ಮನಸೋತು ದಿನಾ ಫೋನ್ ಮಾಡುತ್ತಿದ್ದಳೆಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಬರೆದು, ಮೊಹರು ಒತ್ತಿ ಕೊಡಿ. ನನಗೆ ಎರಡೂ ಸಮ್ಮತ.

ಎದುರಿಗೆ ಬಂದರೆ ಕಿರುಚುವುದಿಲ್ಲವೆಂದು ಮಾತು ಕೊಡದ, ಆದರೂ ತಮ್ಮ ವಿಶ್ವಾಸಿ,
ಚಾದರ ಮಡಿಸುವವಳು

ಮರೆತ ಮಾತು: ಈ ಪತ್ರವನ್ನು ಭಾನುವಾರದ ತನಕವೆಂದು ಗೇಟಿಗೂ ಕ್ಯಾಂಟೀನಿಗೂ ಅಂಟಿಸಿಯಾಗಿದೆ. ಹೊಲಿಗೆ ವಿಭಾಗದ ಗೋಡೆಯೊಂದನ್ನು ಮಾತ್ರ ಬಿಟ್ಟಿದ್ದೇನೆ, ಏಕೆಂದರೆ ಅಲ್ಲಿನ ದೊಡ್ಡ ಕತ್ತರಿ ಇರುವುದು ಮೇಲ್ವಿಚಾರಕರ ಹೆಂಡತಿಯ ಕೈಯಲ್ಲಿ; ಆಕೆ ಊರಿಗೆ ಹೋದವರು ಸೋಮವಾರ ಕೆಲಸಕ್ಕೆ ಬರುತ್ತಾರೆ. ಅಂಟು ಕಲಸಿ ಇಟ್ಟುಕೊಂಡಿದ್ದೇನೆ. ತಮಗೆ ಅವಸರವೇನೂ ಇಲ್ಲ, ಅದು ಒಣಗುವುದರೊಳಗೆ ತೀರ್ಪು ಬದಲಾದರೆ ಸಾಕು.