ಮಾವನವರು ಮೂಡಿದ ಟ್ಯಾಂಕು

ನಮ್ಮ ಮಾವನವರು ಈ ಎಂಬತ್ತು ಚಿಲ್ಲರೆ ವರ್ಷದಲ್ಲಿ ಮುಚ್ಚದೆ ಬಿಟ್ಟಿರುವ ಪದಾರ್ಥ ಒಂದೇ ಒಂದು. ಅದು ಅವರ ಬಾಯಿ.

ಮಿಕ್ಕಿದ್ದಕ್ಕೆಲ್ಲ ಮುಚ್ಚಳ ಬಿದ್ದಿದೆ. ಕಾಫಿ ಲೋಟ ಕೆಳಗಿಟ್ಟು ಬಿಸ್ಕತ್ತಿಗೆ ಕೈ ಚಾಚಿ ತಿರುಗುವಷ್ಟರಲ್ಲಿ ಲೋಟದ ಮೇಲೆ ತಟ್ಟೆ! ಮದುವೆಮನೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಅಡುಗೆಯವರ ಸಾರಿನ ಕೊಳದಪ್ಪಲೆ ಮುಚ್ಚಿ ಬರುತ್ತಾರೆ. ಮದರಾಸಿನ ಪುರಸೈವಾಕ್ಕಂನ ಪಾತ್ರೆ ಅಂಗಡಿಯಲ್ಲಿ ಬರೀ ಮುಚ್ಚಳಗಳನ್ನು ಆರಿಸಿಕೊಂಡು ನಿಂತಾಗ ಅಂಗಡಿಯವನು, "ಪಾತ್ರಂ ಎಂಗೆ ಸಾರ್?" ಎಂದು ಕೇಳಿದನಂತೆ. "ಪಾತ್ರೆ ಮನೇಲಿದೆಯಪ್ಪಾ, ಹೆದರಬೇಡ" ಎಂದು ಬಂದರು. ಅವನು ಯಾಕೆ ಹೆದರುತ್ತಾನೆ? ಹೆದರಬೇಕಾದವಳು ಅವನ್ನೆಲ್ಲ ತೊಳೆಯುವ ನಾನು.

ನಾನು ಮೈಸೂರಿನ ಹುಡುಗಿ. ಇವರದು ತಲೆತಲಾಂತರದಿಂದ ಮದರಾಸಿನಲ್ಲೇ ಬೇರುಬಿಟ್ಟ ಮನೆ, ಆಡುವ ಕನ್ನಡದಲ್ಲಿ ಅರ್ಧ ತಮಿಳು. ತಮಿಳಿನಲ್ಲಿ 'ಮೂಡು' ಎಂದರೆ ಮುಚ್ಚು, 'ಮೂಡಿ' ಎಂದರೆ ಮುಚ್ಚಳ. ಅದು ನನಗೇನು ಗೊತ್ತು? ಮದುವೆಯಾದ ಹೊಸತರಲ್ಲಿ ಮಾವನವರು ಪೇಟೆಯಿಂದ ಬಂದು, "ಅಂಗಡಿಯೆಲ್ಲಾ ಮೂಡಿದೆಯಮ್ಮಾ" ಎಂದರು. ಹೊಸ ಅಂಗಡಿಗಳು ಎದ್ದಿವೆ ಎಂದುಕೊಂಡು ಚೀಲ ಹಿಡಿದು ಹೊರಟೇಬಿಟ್ಟೆ. ಇನ್ನೊಂದು ದಿನ ನಾನು, "ಮಾವ, ಸೂರ್ಯ ಮೂಡಿ ಎಷ್ಟೊತ್ತಾಯ್ತು" ಎಂದೆ. ಮೋಡ ಮುಚ್ಚಿದೆ ಎಂದು ತಿಳಿದು ಅವರು ಮಾಳಿಗೆಯಲ್ಲಿ ಒಣಹಾಕಿದ್ದ ಹಪ್ಪಳವನ್ನೆಲ್ಲ ಬಾಚಿಕೊಂಡು ಇಳಿದರು.

ಆಗ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಬೆಳಗ್ಗೆ ಎದ್ದರೆ ಹಾಲು ಮೂಡು, ಕಿಟಕಿ ಮೂಡು, ಗೇಟು ಮೂಡು. ಮೂವತ್ತು ವರ್ಷ ಕೇಳಿ ಕೇಳಿ ನನಗೆ ಸುಸ್ತಾಗಿದೆ.

ಈ ಸಲ ಮಳೆಗಾಲ ಮುಗಿದಮೇಲೆ ಹಿತ್ತಲಿನ ನೆಲ ಅಲ್ಲಲ್ಲಿ ಕುಸಿಯಿತು. ಆಗ ಇವರಿಗೆ, ಅಂದರೆ ನನ್ನ ಯಜಮಾನರಿಗೆ, ನೆನಪಾಯಿತು: ಬೀದಿಗೆ ಒಳಚರಂಡಿ ಬರುವ ಮುಂಚೆ ಮನೆಗೊಂದು ಸೆಪ್ಟಿಕ್ ಟ್ಯಾಂಕ್ ಇತ್ತಂತೆ. ಎಲ್ಲಿ? ಗೊತ್ತಿಲ್ಲ. ತುಂಬಿಸಿದ್ದಾರಾ? ಅದೂ ಗೊತ್ತಿಲ್ಲ. ಮುಂದಿನ ವಾರ ಮಗಳು ಮಗುವನ್ನು ಕರೆದುಕೊಂಡು ಬರುವವಳಿದ್ದಳು. ಈಗಷ್ಟೇ ನಡೆಯಲು ಕಲಿತಿರುವ ಮೊಮ್ಮಗಳು, ಬಾಗಿಲು ತೆರೆದಿದ್ದರೆ ಸಾಕು, ಹಿತ್ತಲಿಗೆ ಓಟ. ನೇರ ಮಾವನವರ ಹತ್ತಿರ ಹೋದೆ.

"ಮಾವ, ಹಳೇ ಟ್ಯಾಂಕ್ ಎಲ್ಲಿದೆ?"

"ಅದು ಅಪ್ಪವೇ, ಆಗಲೇ, ಮೂಡಾಯ್ತು."

"ಮೂಡಿದ್ದು ಸರಿ ಮಾವ. ಎಲ್ಲಿ?"

"ಮೂಡಿದ್ದನ್ನ ಯಾಕಮ್ಮಾ ತೆರೀಬೇಕು? ಬೇಡ, ಬಿಡು."

ಕೇಳದಿದ್ದರೂ ಹತ್ತು ಮಾತು ಹೇಳುವ ಮನುಷ್ಯ ಅಷ್ಟಕ್ಕೇ ನಿಲ್ಲಿಸಿದರು. ನನಗೆ ರೇಗಿತು. ಮಾರನೆಯ ದಿನವೇ ಮೇಸ್ತ್ರಿಯನ್ನು ಕರೆಸಿದೆ. ಅವನು ಹಾರೆ ಹಿಡಿದು ಹಿತ್ತಲಿಗೆ ಬರುತ್ತಿದ್ದಂತೆ ಮಾವನವರು ಒಳಗಿಂದ ಕುರ್ಚಿ ಎಳೆದು ತಂದು, ನುಗ್ಗೇಮರದ ಆಚೆ ಒಂದು ಜಾಗದಲ್ಲಿ ಹಾಕಿಕೊಂಡು ಗಟ್ಟಿಯಾಗಿ ಕೂತುಬಿಟ್ಟರು. ಹೀಗಾಗಿ ಟ್ಯಾಂಕು ಹುಡುಕುವ ಕಷ್ಟ ತಪ್ಪಿತು.

ಎಬ್ಬಿಸುವುದು ಹೇಗೆ? ಇವರು ಗದರಿದರು, ಮೇಸ್ತ್ರಿ ಕೈ ಮುಗಿದ. ಊಹೂಂ. ಕೊನೆಗೆ ನಾನು, "ಮಾವ, ಓಡಾಡೋ ಮಗು ಬರ್ತಾ ಇದೆ" ಎಂದೆ. ಮಾವನವರು ಎದ್ದು, ಕುರ್ಚಿಯನ್ನು ತಾವೇ ದೂರ ಇಟ್ಟರು.

ಮೊಳದಾಳ ಮಣ್ಣು ತೆಗೆದರೆ ಸಿಮೆಂಟಿನ ಹಲಗೆ. ಅದರ ಕೆಳಗೆ ಕಡಪ ಕಲ್ಲು. ಅದರ ಕೆಳಗೆ ಯಾವುದೋ ಹಳೆಯ ಬೀರುವಿನ ಕಬ್ಬಿಣದ ಬಾಗಿಲು. ಅದನ್ನೂ ಎತ್ತಿದರೆ ನಮ್ಮ ಅತ್ತೆಯ ಬಟ್ಟೆ ಒಗೆಯುವ ಕಲ್ಲು! ಅದನ್ನು ಪಕ್ಕದ ಮನೆಯವರು ಕದ್ದರೆಂದು ಅತ್ತೆ ಸಾಯುವತನಕ ಅವರ ಮನೆಗೆ ನವರಾತ್ರಿ ಗೊಂಬೆ ನೋಡಲೂ ಹೋಗಲಿಲ್ಲ. ಬೆವರು ಒರೆಸಿಕೊಂಡು ಮೇಸ್ತ್ರಿ ಕೇಳಿದ, "ಇದು ಟ್ಯಾಂಕಾ, ಬ್ಯಾಂಕ್ ಲಾಕರಾ ಸಾರ್?"

ಒಗೆಯುವ ಕಲ್ಲನ್ನು ಸರಿಸಿದಾಗ ಕತ್ತಲೆ ಕಂಡಿತು. ಆಳು ಮುಳುಗುವ ಹಳ್ಳ, ಇಷ್ಟು ವರ್ಷವೂ ಟೊಳ್ಳಾಗಿಯೇ ಇತ್ತು. ಒಳಗೆ ಗ್ಯಾಸ್ ಇರುತ್ತದೆ, ಯಾರೂ ಬಗ್ಗಬೇಡಿ ಎಂದು ಮೇಸ್ತ್ರಿ ನಮ್ಮನ್ನು ಹಿಂದಕ್ಕೆ ಸರಿಸಿದ.

"ಮೂಡು. ಸೀಕ್ರಂ ಮೂಡು, ಬೇಗ" ಎಂದು ಹಿಂದಿನಿಂದ ದನಿ ಬಂತು. ಶುರುವಾಯಿತಪ್ಪಾ ಎಂದುಕೊಂಡು ಸಿಡುಕಿನಿಂದ ತಿರುಗಿದೆ. ಮಾವನವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಹಿಡಿದು ಕೂರಿಸಿದೆ.

"ನಿನ್ನ ಗಂಡ ಇದರೊಳಗೆ ಬಿದ್ದಿದ್ದನಮ್ಮಾ" ಎಂದರು. "ಆಗ ತಾನೇ ನಡೆಯೋಕೆ ಕಲ್ತಿದ್ದ. ಎಷ್ಟು ತುಂಬಿದೆ ನೋಡೋಣ ಅಂತ ನಾನೇ ಮೂಡಿ ತೆಗೆದಿದ್ದೆ. ವಾಸಲಲ್ಲಿ, ಮುಂಬಾಗಿಲ ಹತ್ರ, ಯಾರೋ ಕೂಗಿದ್ರು, ಹಾಗೇ ಬಿಟ್ಟು ಹೋದೆ. ಬಂದು ನೋಡಿದ್ರೆ ಕೂದಲು ಮಾತ್ರ ಮೇಲೆ ಕಾಣ್ತಾ ಇತ್ತು. ಕೂದಲು ಹಿಡಿದೇ ಎಳೆದೆ."

"ಅತ್ತೆಗೆ ಗೊತ್ತಾ?"

"ಮೋರಿಗೆ ಬಿದ್ದ ಅಂತ ಹೇಳಿದೆ. ನಿಜ ಹೇಳಿದ್ರೆ ಈ ಮನೇಲಿ ಅವಳು ನಿಲ್ತಿರ್ಲಿಲ್ಲ."

"ಉಪಯೋಗ ನಿಂತಮೇಲಾದರೂ ಮಣ್ಣು ತುಂಬಿಸಬಹುದಿತ್ತಲ್ಲ ಮಾವ?"

"ತುಂಬಿಸೋಕೆ ತೆರೀಬೇಕಲ್ಲಮ್ಮಾ."

ಇವರು ಅಲ್ಲೇ ನಿಂತು ಕೇಳಿಸಿಕೊಂಡರು. ಅವರಿಗೂ ಇದು ಹೊಸ ಸುದ್ದಿ. ಹಿಡಿದೆಳೆಯಲು ಈಗ ಒಂದು ಎಳೆಯೂ ಉಳಿದಿಲ್ಲದ ತಲೆಯನ್ನು ಸುಮ್ಮನೆ ಸವರಿಕೊಂಡರು. ಬಾಯಿಯೊಂದನ್ನು ಮಾತ್ರ ಮುಚ್ಚದ ಮನುಷ್ಯ ಎಂದು ನಾನು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದೆ. ಒಳಗೆ ಹೋಗಿ ಅವರಿಗೆ ಕುಡಿಯಲು ನೀರು ತಂದೆ.

ಸಂಜೆಯೊಳಗೆ ಲಾರಿಯಲ್ಲಿ ಮಣ್ಣು ತರಿಸಿ ತುಂಬಿಸಿ, ದಮ್ಮಸು ಮಾಡಿಸಿದೆವು. ಮಾವನವರು ಮೆಲ್ಲಗೆ ಬಂದು, "ಇದಕ್ಕೆ ಮೂಡಿ ಬೇಡವಾ?" ಎಂದರು. "ಬೇಡ ಮಾವ. ಇನ್ನು ಅಲ್ಲಿ ಹಳ್ಳವೇ ಇಲ್ಲ" ಎಂದೆ. ಒಂದು ಕಾಲಿಟ್ಟು ತುಳಿದು ನೋಡಿದರು. ಆಮೇಲೆ ಇನ್ನೊಂದು ಕಾಲನ್ನೂ ಇಟ್ಟರು.

ಮಗಳು ಬಂದಳು. ಮಗು ಎಂದಿನಂತೆ ಹಿತ್ತಲಿಗೆ ಓಡಿ, ಸರಿಯಾಗಿ ಆ ಹೊಸ ಮಣ್ಣಿನ ಮೇಲೆಯೇ ಧೊಪ್ಪೆಂದು ಕೂತು ಎರಡು ಕೈಯಲ್ಲೂ ಮಣ್ಣು ಬಾಚತೊಡಗಿತು. ಮಾವನವರು ಕುರ್ಚಿಯ ತುದಿಗೆ ಸರಿದು, ಎರಡೂ ಕೈ ಮುಂದೆ ಚಾಚಿ, ರೆಪ್ಪೆ ಬಡಿಯದೆ ನೋಡುತ್ತಿದ್ದರು. ಪಕ್ಕದಲ್ಲಿ ಅವರ ಕಾಫಿ ಲೋಟ ತೆರೆದೇ ಇತ್ತು. ಅದರ ಸುತ್ತ ನೊಣ ಸುತ್ತುತ್ತಿತ್ತು.

ನಾನು ಒಳಗಿಂದ ತಟ್ಟೆ ತಂದು ಲೋಟದ ಮೇಲಿಟ್ಟೆ.

"ಮೂಡಿದೀನಿ ಮಾವ" ಎಂದೆ.