ಇಟಲಿಯ ಬೆಟ್ಟದಲ್ಲಿ ನಾನು ಹಿಡಿದ ದಿಕ್ಕು

"ನಂಗೆ ಒಂದು ವಾರ ಮಲಗಿದ್ರೆ ಸಾಕು ಮಾರಾಯ್ರೆ. ಬೆಟ್ಟ ಎಲ್ಲ ಎಂತಕ್ಕೆ?" ಎಂದಿದ್ದಳು ಶೋಭಾ. ನನ್ನ ಹೆಂಡತಿ ಉಡುಪಿಯವಳು, ಮೆಲ್ಬರ್ನ್‌ನಲ್ಲಿ ನರ್ಸ್. ನೈಟ್ ಶಿಫ್ಟ್ ಮಾಡಿ ಮಾಡಿ ಸೋತಿದ್ದಳು. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕ ಮೇಲಿನ ನಮ್ಮ ಮೊದಲ ರಜೆ ಅದು. ನಾನು ಇಟಲಿಯ ಬೆಟ್ಟದೂರೊಂದರ ನಿಸರ್ಗಧಾಮದಲ್ಲಿ ತೋಳ ತೋರಿಸುತ್ತೇನೆಂದು ಎಳೆದುಕೊಂಡು ಹೋದೆ!

ಬೆಳಿಗ್ಗೆ ಗೆಸ್ಟ್‌ಹೌಸಿನ ಯಜಮಾನ ಮ್ಯಾಪ್ ಕೊಡಲು ಬಂದ. ಸವಿನಯವಾಗಿ ನಿರಾಕರಿಸಿದೆ.

"ತೆಗೊಳ್ಳಿ ಮಾರಾಯ್ರೆ!"

"ಸೂರ್ಯ ಇದಾನಲ್ಲ, ಸಾಕು ಬಾ."

ಮಧ್ಯಾಹ್ನದವರೆಗೆ ಹತ್ತಿದೆವು. ತೋಳವಿರಲಿ, ಒಂದು ಮೊಲವೂ ಕಾಣಲಿಲ್ಲ. ನೀರು ಮುಗಿಯಿತು. ಊರಿದ್ದದ್ದು ಉತ್ತರಕ್ಕೆ. ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆಂಬುದು ನನಗೆ ಬಾಯಿಪಾಠ. ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಬಿಸಿಲು ಬೀಳುವ ಉತ್ತರ ದಿಕ್ಕಿನ ಮನೆಗಾಗಿ ಅಲೆದವನಲ್ಲವೇ! ಸೂರ್ಯನಿಗೆ ಮುಖಮಾಡಿ ನಡೆದೆ. ಇಳಿದೆವು, ಮತ್ತೆ ಹತ್ತಿದೆವು.

"ಸೂರ್ಯ ಉತ್ತರಕ್ಕಿರುದು ಆಸ್ಟ್ರೇಲಿಯಾದಲ್ಲಿ ಅಲ್ವಾ? ಇಲ್ಲಿ ದಕ್ಷಿಣಕ್ಕೆ!" ಎಂದಳು ಶೋಭಾ.

ಹೌದಲ್ಲ ಎಂದು ನನಗೂ ಹೊಳೆಯಿತು. ಆದರೂ "ಸೂರ್ಯ ಎಲ್ಲಿದ್ರೂ ಒಬ್ಬನೇ ಕಣೇ," ಎಂದು ಇನ್ನೊಂದು ಗುಡ್ಡ ಹತ್ತಿಸಿದೆ. ಮರ್ಯಾದೆಯ ಪ್ರಶ್ನೆ!

ಆ ಗುಡ್ಡದ ಆಚೆ ಒಂದು ಆಡಿನ ಹಿಂಡಿತ್ತು. ಹಿಂಡಿಗೆ ಕರುವಿನಷ್ಟೆತ್ತರದ ಬಿಳಿ ನಾಯಿಗಳ ಕಾವಲಿತ್ತು. ಅವು ಬೊಗಳುತ್ತಾ ನುಗ್ಗಿದವು. ಪತಿಧರ್ಮ ನೆನಪಾಗುವಷ್ಟರಲ್ಲಿ ನಾನು ಬಂಡೆಯ ಮೇಲಿದ್ದೆ. ಒಬ್ಬನೇ!

ಶೋಭಾ ಕದಲಲಿಲ್ಲ. ಓಡಲು ಅವಳಲ್ಲಿ ಶಕ್ತಿಯೂ ಉಳಿದಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು, "ಅಂಚಿ ಪೋಲಾ!" ಎಂದು ತುಳುವಿನಲ್ಲಿ ಗದರಿದಳು. ಅತ್ತ ಹೋಗು ಎಂದರ್ಥವಂತೆ. ನಾಯಿಗಳು ಅತ್ತ ಹೋದವು. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ತುಳು ಬಂದಿಲ್ಲ!

ಸದ್ದು ಕೇಳಿ ಆಡು ಕಾಯುವ ಹೆಂಗಸು ಬಂದಳು. ಶೋಭಾಳ ಕಾಲಿನ ಬೊಬ್ಬೆ ನೋಡಿ ಲೊಚಗುಟ್ಟಿ, ನೀರು, ಬ್ರೆಡ್ಡು, ಚೀಸ್ ಕೊಟ್ಟಳು. ಒಬ್ಬಳದು ಇಟಾಲಿಯನ್, ಇನ್ನೊಬ್ಬಳದು ತುಳು. ಆದರೂ ಇಬ್ಬರೂ ನನ್ನತ್ತ ಬೆರಳು ತೋರಿಸಿ ಬಿದ್ದು ಬಿದ್ದು ನಕ್ಕರು. ಆ ವರ್ಷ ಶೋಭಾ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಂಡೆಯ ಮೇಲಿಂದ ಚೆನ್ನಾಗಿ ಕಾಣುತ್ತಿತ್ತು.

ಸಂಜೆ ಆಕೆಯ ಟ್ರ್ಯಾಕ್ಟರಿನಲ್ಲಿ ಊರು ಸೇರಿದೆವು. ಶೋಭಾ ಮುಂದೆ ಸೀಟಿನಲ್ಲಿ. ಹಿಂದೆ ಟ್ರೇಲರಿನಲ್ಲಿ ಎರಡು ಕುಂಟು ಆಡು ಮತ್ತು ನಾನು.

ಮರುದಿನ ಶೋಭಾ ಮಧ್ಯಾಹ್ನದವರೆಗೆ ಮಲಗಿ, ಎದ್ದು, ಆಡು ಕಾಯುವ ಹೊಸ ಗೆಳತಿಯ ಜೊತೆ ಆಡು ನೋಡಲು ಹೊರಟಳು. ನಾನೂ ಶೂಗೆ ಕೈ ಹಾಕಿದೆ.

"ನೀವು ಬೇಡ. ಆಡುಗಳು ಹೆದರ್ತಾವಂತೆ."

ರೂಮಿನಲ್ಲಿ ಕೂತೆ. ಆ ಪ್ರವಾಸದಲ್ಲಿ ನಾನು ಕಂಡ ಒಂದೇ ವನ್ಯಜೀವಿ ಗೋಡೆಯ ಮೇಲಿನ ಹಲ್ಲಿ. ಅದೂ ನನಗೆ ಹೆದರಲಿಲ್ಲ!