ಇರುವೆ ದಡಿಯನ್ನು ಕತ್ತಲಲ್ಲಿಟ್ಟ ಇಬ್ಬರು ಡ್ರೈವರ್‌ಗಳಿಗೆ

ಗೆ,
ಪರಮ ಮಾನ್ಯ ಕಂಪನಿ ಡ್ರೈವರ್ ಸಾಹೇಬರು
ಹಾಗೂ
ಸರ್ವಜನೋಪಕಾರಿ ಮುಕ್ತ ಡ್ರೈವರ್ ಮಹಾಶಯರು,
ಇಬ್ಬರ ಮುಕ್ಕಾಂ: ನನ್ನ ಲ್ಯಾಪ್‌ಟಾಪ್, ಇಚಲಕರಂಜಿ.

ಮಾನ್ಯರೇ,

ಮೊದಲು ಯಾರಿಗೆ ನಮಸ್ಕರಿಸಬೇಕೆಂದು ಅರ್ಧ ದಿನ ಯೋಚಿಸಿ, ಕೊನೆಗೆ ಒಂದೇ ನಮಸ್ಕಾರವನ್ನು ಇಬ್ಬರಿಗೂ ಸಮನಾಗಿ ಹಂಚಿ ಈ ಪತ್ರ ಆರಂಭಿಸಿದ್ದೇನೆ. ತಾವಿಬ್ಬರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಒಬ್ಬರು ಕ್ಷೇಮವಾಗಿದ್ದಾಗ ಇನ್ನೊಬ್ಬರು ಕಪ್ಪುಪಟ್ಟಿಯಲ್ಲಿರಲೇಬೇಕೆಂಬ ಸತ್ಯವನ್ನು ನನ್ನ ಲ್ಯಾಪ್‌ಟಾಪ್ ಮೂರು ವರ್ಷಗಳಿಂದ ನನಗೆ ಕಲಿಸುತ್ತಲೇ ಬಂದಿದೆ, ಆದರೂ ಪತ್ರದ ಮೊದಲಿಗೆ ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ರೂಢಿ.

ಪತ್ರ ಬಹಿರಂಗವಾದ್ದರಿಂದ, ತಮ್ಮ ಪರಿಚಯವಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ಲ್ಯಾಪ್‌ಟಾಪಿನೊಳಗೆ ಚಿತ್ರ ಮೂಡಿಸುವ ಒಂದು ಚಿಪ್ ಇರುತ್ತದೆ. ಅದಕ್ಕೂ ಉಳಿದ ಯಂತ್ರಕ್ಕೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶಕ್ಕೆ ಗ್ರಾಫಿಕ್ಸ್ ಡ್ರೈವರ್ ಎಂದು ಹೆಸರು. ಚಿಪ್ ಮಾಡಿದ ಕಂಪನಿಯೇ ಬರೆದು, ಒಳಗೇನಿದೆ ಎಂದು ಯಾರಿಗೂ ತೋರಿಸದೆ ಬೀಗ ಹಾಕಿ ಕಳಿಸಿದವರು ಕಂಪನಿ ಡ್ರೈವರ್ ಸಾಹೇಬರು. ಊರೂರಿನ ಪರೋಪಕಾರಿಗಳು ಸೇರಿ ಬರೆದು, ಬೇಕಾದವರು ಓದಲಿ, ತಿದ್ದಲಿ ಎಂದು ಬಾಗಿಲು ತೆರೆದಿಟ್ಟವರು ಮುಕ್ತ ಡ್ರೈವರ್ ಮಹಾಶಯರು. ಇಬ್ಬರೂ ದೊಡ್ಡವರೇ, ಆದರೆ ಒಂದೇ ಚಿಪ್ಪಿನ ಮುಂದೆ ಇಬ್ಬರೂ ಒಟ್ಟಿಗೆ ನಿಲ್ಲಲಾರರು.

ನಾನು ಜಿನಪಾಲ ಚೌಗುಲೆ, ಸೀರೆಯ ದಡಿಗಳ, ಅಂದರೆ ಅಂಚುಗಳ, ಡಿಸೈನ್ ಮಾಡುವವನು. ಯಾರೋ ಕಾಗದದ ಮೇಲೆ ಬರೆದ ಹೂವನ್ನು, ಬಳ್ಳಿಯನ್ನು ಲ್ಯಾಪ್‌ಟಾಪಿನಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಮಗ್ಗಕ್ಕೆ ತಿಳಿಯುವಂತೆ ಮಾಡಿಕೊಡುವುದು ನನ್ನ ಉದ್ಯೋಗ. ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಬಂದದ್ದು ನನ್ನ ತಂಗಿಯ ಗಂಡ ಕೇತನರಾವ್ ಅವರ ಕೃಪೆಯಿಂದ. ಅವರು ಗಡಹಿಂಗ್ಲಜದಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರರು. "ದಾದಾ, ಲಿನಕ್ಸ್ ಹಾಕೂಣು ತಗೋರಿ, ಯಾರ ಹಂಗೂ ಇಲ್ಲ, ಯಾರ ಅಪ್ಪಣೆನೂ ಬ್ಯಾಡ" ಎಂದು ಅವರು ಹೇಳಿದ್ದು ನಿಜ. ತಮ್ಮಿಬ್ಬರ ಅಪ್ಪಣೆಯ ಸಂಗತಿಯನ್ನು ಮಾತ್ರ ಅವರು ಆಗ ಎತ್ತಲಿಲ್ಲ.

ಕಂಪನಿ ಸಾಹೇಬರೇ, ತಮ್ಮ ಕೆಲಸವನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು. ತಾವಿದ್ದಾಗ ರೇಶ್ಮೆಯ ಕೆಂಪು ಕೆಂಪಾಗಿಯೇ ಕಾಣುತ್ತದೆ, ಹದಿನಾರು ಮೊಳದ ಡಿಸೈನ್ ಬೆರಳು ತಾಗಿಸಿದೊಡನೆ ಸರಸರ ಸರಿಯುತ್ತದೆ, ಪ್ರೊಜೆಕ್ಟರಿನ ತಂತಿ ಚುಚ್ಚಿದರೆ ಎದುರಿನ ಗೋಡೆ ತಟ್ಟನೆ ಬೆಳಗುತ್ತದೆ. ಅದಕ್ಕೆ ಪ್ರತಿಯಾಗಿ ತಾವು ಕೇಳುವುದಾದರೂ ಏನು? ಲ್ಯಾಪ್‌ಟಾಪನ್ನು ಒಮ್ಮೆ ಮಲಗಿಸಿದರೆ ಮತ್ತೆ ಎಬ್ಬಿಸುವ ಆಸೆ ಬಿಡಬೇಕು, ಪರದೆಯ ಬೆಳಕು ಕಡಿಮೆ ಮಾಡುವ ಗುಂಡಿಯನ್ನು ಅಲಂಕಾರಕ್ಕೆಂದು ತಿಳಿಯಬೇಕು, ಮತ್ತು ಲಿನಕ್ಸಿಗೆ ಹೊಸ ಅಪ್‌ಡೇಟ್ ಬಂದ ಮರುದಿನ ಬೆಳಿಗ್ಗೆ ಕಪ್ಪು ಪರದೆಯ ದರ್ಶನ ಪಡೆದು, ಹಲ್ಲುಜ್ಜುವ ಮೊದಲೇ ಕೇತನರಾವ್ ಅವರಿಗೆ ಫೋನ್ ಮಾಡಬೇಕು. ಇಷ್ಟು ಚಿಕ್ಕ ನೇಮಗಳನ್ನೂ ಪಾಲಿಸಲಾಗದೆ ಸಿಟ್ಟಾಗುವ ನನ್ನಂಥವನಿಗೆ ತಾವು ದೊರೆತದ್ದೇ ಹೆಚ್ಚು.

ಮುಕ್ತ ಮಹಾಶಯರೇ, ತಮ್ಮ ಸ್ವಭಾವವಂತೂ ಬಂಗಾರ. ತಾವಿದ್ದಾಗ ಲ್ಯಾಪ್‌ಟಾಪ್ ಮಲಗು ಎಂದರೆ ಮಲಗುತ್ತದೆ, ಏಳು ಎಂದರೆ ಏಳುತ್ತದೆ, ಅಪ್‌ಡೇಟ್ ಬಂದರೂ ಬೆಳಿಗ್ಗೆ ನಗುಮುಖದಿಂದಲೇ ತೆರೆಯುತ್ತದೆ. ದೊಡ್ಡ ಡಿಸೈನ್ ಸರಿಸಲು ಹೋದರೆ ಮಾತ್ರ ಮಳೆಗಾಲದಲ್ಲಿ ಚಂದಗಡದ ಕಡೆ ಹೊರಟ ಬಸ್ಸಿನಂತೆ ತಡೆತಡೆದು ಸಾಗುತ್ತೀರಿ, ಫ್ಯಾನು ಮಗ್ಗಕ್ಕಿಂತ ಜೋರಾಗಿ ಕೂಗುತ್ತದೆ, ಮತ್ತು ಪ್ರೊಜೆಕ್ಟರಿನ ತಂತಿ ಕಂಡೊಡನೆ ತಾವು ಮೌನವ್ರತ ಹಿಡಿಯುತ್ತೀರಿ. ತಾವು ತೆರೆದ ಪುಸ್ತಕವೆಂಬುದು ನಿಜ, ನನಗೆ ಓದಲು ಬರುವುದಿಲ್ಲ ಎಂಬುದು ತಮ್ಮ ತಪ್ಪಲ್ಲ.

ಹೀಗಾಗಿ ಮೂರು ವರ್ಷಗಳಿಂದ ನಾನು ತಮ್ಮಿಬ್ಬರ ನಡುವೆ ಹೋಗಿಬರುತ್ತಿದ್ದೇನೆ. ಸೋಮವಾರ ಬಣ್ಣ ನೋಡಬೇಕೆಂದು ಸಾಹೇಬರನ್ನು ಕರೆಯುವುದು, ಅವರು ಬರಲು ಮಹಾಶಯರ ಹೆಸರನ್ನು ಕಪ್ಪುಪಟ್ಟಿ ಎಂಬ ಕಡತದಲ್ಲಿ ಬರೆಯುವುದು, ಗುರುವಾರ ಪರದೆ ಕಪ್ಪಾದೊಡನೆ ಸಾಹೇಬರನ್ನು ಕಿತ್ತು, ಮಹಾಶಯರ ಹೆಸರನ್ನು ಅಳಿಸಿ, ಮತ್ತೆ ಮಂಗಳಾರತಿ ಎತ್ತಿ ಒಳಗೆ ಕರೆಯುವುದು. ಇದಕ್ಕೆ ಬೇಕಾದ ಆಜ್ಞೆಗಳನ್ನು ಕೇತನರಾವ್ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನನ್ನ ಹೆಂಡತಿ ಶಾಲನ ಅದನ್ನು ದೇವರ ಕೋಣೆಯ ಗೋಡೆಗೇ ಅಂಟಿಸಿದ್ದಾಳೆ, ನಾನು ದಿನವೂ ಪಠಿಸುವುದು ಅದೊಂದನ್ನೇ ಎಂಬುದು ಆಕೆಯ ವಾದ.

ಈಗ ದೂರಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ಕಾರಖಾನೆಯಲ್ಲಿ ತಂಗೆವ್ವ ಎಂಬ ಹೆಂಗಸು ಇದ್ದಾಳೆ. ರಬಕವಿ ಕಡೆಯವಳು, ಗಂಡ ಮಾಯಪ್ಪ ಮಗ್ಗ ನಡೆಸುತ್ತಾನೆ, ಈಕೆ ಇಪ್ಪತ್ತೆರಡು ವರ್ಷಗಳಿಂದ ಮಗ್ಗದ ಕಾಂಡಿಗಳಿಗೆ ದಾರ ಸುತ್ತುತ್ತಾಳೆ. ಈ ವರ್ಷ ಆಷಾಢದಲ್ಲಿ ಆಕೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ದಡಿ ಬರೆದು ನನ್ನ ಹತ್ತಿರ ತಂದಳು. ನವಿಲಿಲ್ಲ, ಮಾವಿನಕಾಯಿ ಇಲ್ಲ, ಬರೀ ಇರುವೆ. ಒಂದೊಂದು ಇರುವೆಯ ತಲೆಯ ಮೇಲೂ ಒಂದೊಂದು ಸಕ್ಕರೆಯ ಹರಳು, ಸಾಲು ಸೆರಗಿನಿಂದ ಹೊರಟು ನಿರಿಗೆಯವರೆಗೂ ನಡೆಯುತ್ತದೆ. "ನಾ ದಿನಾ ನೋಡೂದು ಇವನ್ನರಿ ಅಣ್ಣಾರ, ಕಾಂಡಿ ಪೆಟ್ಟಿಗಿ ಮ್ಯಾಲೆ ಹಿಂಗ ಸಾಲ ಹೊಂಟಿರ್ತಾವು" ಎಂದಳು. ಮೂವತ್ತು ವರ್ಷದ ಉದ್ಯೋಗದಲ್ಲಿ ನಾನು ಅಂಥ ದಡಿ ನೋಡಿರಲಿಲ್ಲ. ಎರಡು ತಿಂಗಳು ಕುಳಿತು ಅದನ್ನು ಚೌಕಗಳಿಗೆ ಇಳಿಸಿದೆ.

ಪ್ರತಿ ವರ್ಷ ಮದುವೆಯ ಹಂಗಾಮಿಗೆ ಮೊದಲು ಕೊಲ್ಹಾಪುರದಲ್ಲಿ ಸೀರೆ ವ್ಯಾಪಾರಿಗಳ ಒಂದು ಸಭೆ ಆಗುತ್ತದೆ. ಡಿಸೈನ್ ಮಾಡುವ ಪ್ರತಿಯೊಬ್ಬನಿಗೂ ಹತ್ತು ನಿಮಿಷ ಕೊಡುತ್ತಾರೆ, ಗೋಡೆಯ ಮೇಲೆ ದಡಿ ತೋರಿಸಬೇಕು, ಅವರು ಒಂದನ್ನು ಆರಿಸುತ್ತಾರೆ. ಆರಿಸಿದ ದಡಿಯ ಸೀರೆಯ ಚೀಟಿಯಲ್ಲಿ ಅದನ್ನು ಬರೆದವರ ಹೆಸರು ಅಚ್ಚಾಗುತ್ತದೆ. ಕಾಂಡಿ ಸುತ್ತುವವಳ ಹೆಸರು ಅಲ್ಲಿ ಈವರೆಗೆ ಬಂದಿಲ್ಲ.

ಇಷ್ಟರಲ್ಲಿ ನಮ್ಮ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ಜೈನರ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದನ್ನು ಬಿಡುವ ನಿಯಮ ತೊಡುತ್ತಾರೆ. ಒಬ್ಬರು ಹಸಿರು ಪಲ್ಯ ಬಿಡುತ್ತಾರೆ, ಇನ್ನೊಬ್ಬರು ಕರಿದದ್ದು, ಶಾಲನ ಸಕ್ಕರೆ ಬಿಟ್ಟಳು. ಎರಡನೆಯ ದಿನ ಬೆಳಿಗ್ಗೆ ಅಪ್‌ಡೇಟ್ ಬಂದು, ಕಂಪನಿ ಸಾಹೇಬರು ತಮ್ಮ ಕಪ್ಪು ದರ್ಶನ ಕರುಣಿಸಿದರು. ಅದೇ ಸಿಟ್ಟಿನಲ್ಲಿ ಬಸದಿಗೆ ಹೋದೆ. ಅಲ್ಲಿ ಪಂಡಿತರು ಗರ್ವ ಬಿಡಬೇಕೆಂದು ಹೇಳುತ್ತಿದ್ದರು, ಏಕೆಂದರೆ ಪರ್ವದ ಎರಡನೆಯ ದಿನ ವಿನಯದ ದಿನ. ನಾನು ಎದ್ದು ನಿಂತು, ಹಿಂದಿನ ಸಾಲಿನವರಿಗೂ ಕೇಳಿಸುವಂತೆ, ಪರ್ವ ಮುಗಿಯುವವರೆಗೆ ಕಂಪನಿ ಡ್ರೈವರಿನ ಮೂಲಕ ನನ್ನ ಯಾವ ಕೆಲಸವೂ ಪರದೆಯ ಮೇಲೆ ಮೂಡಕೂಡದೆಂದು ನಿಯಮ ತೊಟ್ಟೆ. ಯಾರಿಗೂ ಏನೂ ತಿಳಿಯಲಿಲ್ಲ, ಆದ್ದರಿಂದ ಎಲ್ಲರೂ ತಲೆದೂಗಿದರು.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. "ಚಹಾ ಬಿಡ್ರಿ ಅಂತ ಡಾಕ್ಟರ್ ಹೇಳಿ ಹೇಳಿ ಸೋತ್ರು, ಅದನ್ನ ಬಿಡಲಿಲ್ಲ. ಡ್ರೈವರ್ ಬಿಟ್ಟು ಬಂದೀರಿ!" ಎಂದಳು ಶಾಲನ. ಫೋನಿನಲ್ಲಿ ಕೇತನರಾವ್ ಗಾಬರಿಯಾದರು. "ದಾದಾ, ಕೊಲ್ಹಾಪುರದ ಸಭಾ ಎಂಟನೇ ದಿನಾ ಐತಿ. ಮುಕ್ತ ಡ್ರೈವರ್ ಮ್ಯಾಲೆ ನಿಮ್ಮ ಲ್ಯಾಪ್‌ಟಾಪಿನ್ಯಾಗ ಪ್ರೊಜೆಕ್ಟರ್ ಹತ್ತಂಗಿಲ್ರಿ, ಮೊದಲ ಹೇಳೇನಿ." ಧರ್ಮದ ಕೆಲಸಕ್ಕೆ ಮಹಾಶಯರು ಕೈಬಿಡಲಾರರು ಎಂದು ನಾನು ಉತ್ತರ ಕೊಟ್ಟೆ. ಮಹಾಶಯರೇ, ತಮ್ಮ ಮೇಲೆ ಅಷ್ಟು ನಂಬಿಕೆ ಇಟ್ಟವರು ಬೇರೆ ಯಾರಾದರೂ ಇದ್ದರೆ ವಿಳಾಸ ಕೊಡಿ, ಒಟ್ಟಿಗೆ ಕುಳಿತು ಅಳುತ್ತೇವೆ.

ಎಂಟನೆಯ ದಿನ, ಅಂದರೆ ಪರ್ವದಲ್ಲಿ ತ್ಯಾಗದ ದಿನ, ನಾನು ಮತ್ತು ತಂಗೆವ್ವ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋದೆವು. ಆಕೆ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ನನ್ನ ಸರದಿ ಬಂತು, ತಂತಿ ಚುಚ್ಚಿದೆ. ಮಹಾಶಯರು ಮೌನ. ತಂತಿ ತೆಗೆದು ಊದಿ ಮತ್ತೆ ಚುಚ್ಚಿದೆ, ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದೆ, ಒಂಬತ್ತು ಸಲ ಣಮೋಕಾರ ಮಂತ್ರವನ್ನೂ ಹೇಳಿದೆ. ಗೋಡೆಯ ಮೇಲೆ "ಸಿಗ್ನಲ್ ಇಲ್ಲ" ಎಂಬ ನೀಲಿ ಬರಹ ನಿಂತೇ ಇತ್ತು. ಆಗ ಕುರುಂದವಾಡದ ಬಾಹುಬಲಿ, ಅವರೂ ನನ್ನ ಹಾಗೆ ಡಿಸೈನ್ ಮಾಡುವವರೇ, ಎದ್ದು ಬಂದು, "ಜಿನಪಾಲದಾದಾ, ಪೆನ್‌ಡ್ರೈವಿನ್ಯಾಗ ಹಾಕಿ ಕೊಡ್ರಿ, ನನ್ನ ಲ್ಯಾಪ್‌ಟಾಪಿನ್ಯಾಗ ತೋರಸೂಣು, ಎರಡು ಮಿನಿಟಿನ ಕೆಲಸ" ಎಂದರು.

ಮಾನ್ಯರೇ, ಇಲ್ಲಿ ತಾವು ಸ್ವಲ್ಪ ಹತ್ತಿರ ಬಂದು ಕೇಳಬೇಕು. ಬಾಹುಬಲಿಯವರ ಲ್ಯಾಪ್‌ಟಾಪಿನಲ್ಲಿಯೂ ಕಂಪನಿಯ ಡ್ರೈವರೇ ಇತ್ತು. ಉಳ್ಳಾಗಡ್ಡಿ ಬೇಯಿಸಿದ ಪಾತ್ರೆಯಲ್ಲಿ ಪರ್ವದ ಅಡಿಗೆ ಮಾಡುವುದುಂಟೆ? ನಾನು ಪೆನ್‌ಡ್ರೈವನ್ನು ಕಿಸೆಯಲ್ಲಿ ಹಿಡಿದುಕೊಂಡೇ, ನನಗೆ ನಿಯಮವಿದೆ, ಆಗುವುದಿಲ್ಲ ಎಂದೆ. ಬಾಹುಬಲಿ ಮೊದಲು ನಕ್ಕರು, ನಂತರ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಿಯಮಾ ನಿಮದರಿ ದಾದಾ, ದಡಿ ಯಾರದು?" ಎಂದು ಕೇಳಿದರು. ನಾನು ಇನ್ನೊಮ್ಮೆ ತಂತಿ ಚುಚ್ಚಿದೆ. ಅಧ್ಯಕ್ಷರು ಗಡಿಯಾರ ನೋಡಿ, "ಚೌಗುಲೆಸಾಹೇಬ, ವೇಳ ಸಂಪಲಾ" ಎಂದು ಮರಾಠಿಯಲ್ಲಿ ನನ್ನ ಸಮಯ ಮುಗಿದದ್ದನ್ನು ತಿಳಿಸಿದರು. ಯಾರದೋ ನವಿಲಿನ ದಡಿ ಆಯ್ಕೆಯಾಯಿತು.

ಸಭೆಯ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಓಣಿಯಲ್ಲಿ ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಡ್ರೈವರ್ ಕೈಕೊಟ್ಟಿತು. ಈ ದೂರುಪತ್ರ ಬರೆಯಲು ಕುಳಿತದ್ದೂ ಅದೇ ಮಾತಿನ ಆಧಾರದ ಮೇಲೆ. ಬಸ್ಸಿನಲ್ಲಿ ತಂಗೆವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು, ಹಾತಕಣಂಗಲೆ ದಾಟಿದ ಮೇಲೆ, "ನಾಳೆ ಪಾಳಿ ಹಗಲಿಂದರಿ, ಇಳದ ಕೂಡ್ಲೆ ಮನೀಗೆ ಹೋಗ್ತೇನಿ" ಎಂದಳು, ಅಷ್ಟೇ.

ನಿನ್ನೆ ಕ್ಷಮಾವಣಿ. ಪರ್ವ ಮುಗಿದ ಮೇಲೆ ಎಲ್ಲರ ಮುಂದೆ ಕೈಜೋಡಿಸಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಮನೆ ಮನೆಗೆ ಹೋಗಿ ಕೇಳಿದೆ, ಎಲ್ಲರೂ ಅಷ್ಟೇ ಚಂದವಾಗಿ ಕ್ಷಮಿಸಿದರು. ಕೊನೆಗೆ ಕಾರಖಾನೆಗೆ ಹೋಗಿ, ಕಾಂಡಿ ಯಂತ್ರದ ಸದ್ದಿನಲ್ಲಿ ತಂಗೆವ್ವನ ಮುಂದೆ ಕೈ ಜೋಡಿಸಿ, ಡ್ರೈವರಿನ ಕಥೆಯನ್ನು ಮತ್ತೊಮ್ಮೆ ವಿವರವಾಗಿ ಹೇಳಿದೆ. ಆಕೆ ಯಂತ್ರ ನಿಲ್ಲಿಸಿದಳು.

"ನಿಮ್ಮ ಹಬ್ಬದಾಗ ಮಂದಿ ತಮ್ಮದನ್ನ ಬಿಡ್ತಾರ ಅಂತ ಕೇಳಿದ್ದೆರಿ ಅಣ್ಣಾರ. ನನ್ನ ಇರುವಿ ನಿಮ್ಮವೇನ್ರಿ, ಬಿಡಾಕ?"

ನನಗೆ ನಾಚಿಕೆಯಾಯಿತು. ಅದನ್ನು ಸುತ್ತಿ ಬಳಸಿ ಹೇಳುವ ಜಾಣತನ ಈ ಪತ್ರದಲ್ಲಿ ನನಗೆ ಉಳಿದಿಲ್ಲ. ನಾನು ತ್ಯಾಗ ಮಾಡಿದೆನೆಂದು ಬೀಗಿದೆ, ಬಿಟ್ಟುಕೊಟ್ಟದ್ದು ಮಾತ್ರ ಆಕೆಯದನ್ನು.

ಆದರೂ ದೂರುಪತ್ರವೆಂದ ಮೇಲೆ ಬೇಡಿಕೆ ಇರಬೇಕು. ತಾವಿಬ್ಬರೂ ದಯವಿಟ್ಟು ಹಗಲು ಒಬ್ಬರು, ಸಂಜೆ ಒಬ್ಬರು ಎಂದು ಪಾಳಿ ಮಾಡಿಕೊಂಡು ಒಂದೇ ಚಿಪ್ಪಿನ ಮುಂದೆ ಸೌಹಾರ್ದದಿಂದ ದುಡಿಯಬೇಕು. ಕಂಪನಿ ಸಾಹೇಬರು ತಮ್ಮ ಬೀಗ ತೆಗೆದು ಒಳಗೇನಿದೆ ಎಂದು ಒಮ್ಮೆಯಾದರೂ ಮಹಾಶಯರಿಗೆ ತೋರಿಸಬೇಕು, ಮಹಾಶಯರು ಅದನ್ನು ನೋಡಿ ಬೇಗ ಕಲಿಯಬೇಕು. ಗೋಡೆಯ ಮೇಲೆ ಬರುವ ನೀಲಿ ಬರಹ ಇನ್ನು ಮುಂದೆ, ತಪ್ಪು ಯಾರದೆಂದು ಹೆಸರು ಸಹಿತ ತಿಳಿಸಬೇಕು. ಇವು ಯಾವುವೂ ಆಗದಿದ್ದರೆ, ತಮ್ಮಲ್ಲಿ ಒಬ್ಬರು, ಯಾರಾದರೂ ಸರಿ, ಕಾರಖಾನೆಗೆ ಹೋಗಿ ತಂಗೆವ್ವನ ಮುಂದೆ ನಿಂತು, ತಪ್ಪು ನನ್ನದು ಎಂದು ಕನ್ನಡದಲ್ಲಿ ಹೇಳಬೇಕು. ನನಗೆ ನಿನ್ನೆ ಅದು ಬಾಯಿಗೆ ಬರಲಿಲ್ಲ.

ಕಪ್ಪುಪಟ್ಟಿಯಲ್ಲಿರುವವರಿಗೂ ಇಲ್ಲದವರಿಗೂ ಸಮಾನವಾಗಿ,
ತಮ್ಮ ವಿಶ್ವಾಸಿ,
ಜಿನಪಾಲ ಚೌಗುಲೆ
ಇಚಲಕರಂಜಿ

ತಾ.ಕ.: ನಿಯಮ ಮುಗಿದ ಕೂಡಲೇ ಕಂಪನಿ ಸಾಹೇಬರನ್ನು ಮರಳಿ ಕರೆತಂದಿದ್ದೇನೆ. ಪ್ರೊಜೆಕ್ಟರ್ ಒಂದೇ ಏಟಿಗೆ ಹೊತ್ತಿಕೊಂಡಿತು, ನಮ್ಮ ಗೋಡೆ ಬಹಳ ಚೆನ್ನಾಗಿ ಬೆಳಗುತ್ತಿದೆ. ಇಂದು ಬೆಳಿಗ್ಗೆ ಮಾಯಪ್ಪ ಬಂದು ಕ್ಯಾಲೆಂಡರಿನ ಹಾಳೆಯನ್ನೂ ಪೆನ್‌ಡ್ರೈವನ್ನೂ ಕೇಳಿ ಒಯ್ದ. ತಂಗೆವ್ವ ಎರಡನ್ನೂ ಕುರುಂದವಾಡದ ಬಾಹುಬಲಿಯವರಿಗೆ ಕೊಟ್ಟಿದ್ದಾಳಂತೆ. ಅವರ ಲ್ಯಾಪ್‌ಟಾಪಿನಲ್ಲಿ ಯಾವ ಡ್ರೈವರ್ ಇದೆ ಎಂದು ಆಕೆ ಕೇಳಲಿಲ್ಲವಂತೆ.